ಶೋಧಕ ಯಂತ್ರವಿಲ್ಲದ ಮೀನಿನ ತೊಟ್ಟಿ



ಮಲೆನಾಡಿನ ಅಂಗಳದಲ್ಲಿ ಮೀನು ಸಾಕುವ ವಿಚಾರ ಬಂದೊಡನೆ ಏಳುವ ಮೊದಲ ಪ್ರಶ್ನೆ ವಿದ್ಯುತ್ತಿನದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ, ಫಿಲ್ಟರ್ ಎಂಬ ಶೋಧಕ ಯಂತ್ರವನ್ನೇ ನಂಬಿದ ಮೀನುಗಳು ಉಳಿಯುವುದು ಕಷ್ಟ. ಆದರೆ ಊರ ಕೆರೆಗೆ ಯಾರೂ ಯಂತ್ರ ಜೋಡಿಸಿಲ್ಲ. ಕೆರೆಯ ನೀರನ್ನು ಕಾಯುವ ಮಣ್ಣು, ಗಿಡ ಮತ್ತು ಸೂಕ್ಷ್ಮಜೀವಿಗಳನ್ನು ಒಂದು ತೊಟ್ಟಿಯಲ್ಲಿ ಒಟ್ಟುಗೂಡಿಸಿದರೆ ಅಲ್ಲಿಯೂ ಅದೇ ಕಾರ್ಯ ನಡೆಯುತ್ತದೆ.

ಮೀನಿನ ಕಿವಿರುಗಳಿಂದಲೂ ಕೊಳೆಯುವ ಆಹಾರದಿಂದಲೂ ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಯಂತ್ರವು ಕಸವನ್ನು ಹಿಡಿಯುವುದರ ಜೊತೆಗೆ ಈ ಬ್ಯಾಕ್ಟೀರಿಯಾಗಳಿಗೆ ನೆಲೆ ಒದಗಿಸುತ್ತದೆ, ಅಷ್ಟೆ. ಗಿಡಗಳಾದರೋ ಅಮೋನಿಯಾ, ನೈಟ್ರೇಟ್ ಎರಡನ್ನೂ ಗೊಬ್ಬರವಾಗಿ ಹೀರಿಕೊಳ್ಳುತ್ತವೆ.

ಈ ತಿಳಿವಳಿಕೆ ಹೊಸದಲ್ಲ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನು ಮತ್ತು ವ್ಯಾಲಿಸ್ನೇರಿಯಾ ಗಿಡವನ್ನಿಟ್ಟಾಗ, ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಬಸವನಹುಳುಗಳನ್ನು ಸೇರಿಸಿದ ಮೇಲೆ ಅವು ಆ ಕೊಳೆಯನ್ನು ತಿಂದು ಸಮತೋಲ ಮರಳಿತು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಹೊರತಂದ ಗ್ರಂಥವು ತೊಟ್ಟಿಯ ತಳಕ್ಕೆ ಸಾಮಾನ್ಯ ಮಣ್ಣನ್ನೇ ಹಾಕುವ ಕ್ರಮವನ್ನು ಜನಪ್ರಿಯಗೊಳಿಸಿತು.

ಇನ್ನು ರಚನೆಯ ವಿಚಾರ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿ ಸಾಕು. ಬಾಯಿ ಅಗಲವಾಗಿದ್ದಷ್ಟೂ ಗಾಳಿಯ ಆಮ್ಲಜನಕ ನೀರಿಗೆ ಹೆಚ್ಚು ಸೇರುತ್ತದೆ. ಹೊಸ ಸಿಮೆಂಟ್ ತೊಟ್ಟಿಯಾದರೆ ಅದರ ಸುಣ್ಣದ ಅಂಶ ಕಳೆಯುವವರೆಗೆ, ಬಾಳೆದಿಂಡಿನ ತುಂಡುಗಳನ್ನು ಹಾಕಿ ನೀರು ತುಂಬಿಸಿ, ಎರಡು-ಮೂರು ವಾರ ನೀರನ್ನು ಆಗಾಗ ಬದಲಿಸಬೇಕು. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬಿದ್ದು, ಮಧ್ಯಾಹ್ನ ನೆರಳಿರುವ ಜಾಗ ಉತ್ತಮ. ಸೂರಿನ ನೀರು ಧಾರೆಯಾಗಿ ಬೀಳುವಲ್ಲಿ ಇಡಬಾರದು.

ತಳಕ್ಕೆ ಗೊಬ್ಬರ ಸೇರದ ತೋಟದ ಮಣ್ಣನ್ನು ಜರಡಿ ಹಿಡಿದು ಎರಡು ಅಂಗುಲ ಹರಡಬೇಕು. ಅದರ ಮೇಲೆ ಒಂದು ಅಂಗುಲ ದಪ್ಪ ಮರಳು. ಬಾಳೆಲೆ ಹಾಸಿ ಅದರ ಮೇಲೆ ಮೆಲ್ಲನೆ ನೀರು ಸುರಿದರೆ ಮಣ್ಣು ಕದಡುವುದಿಲ್ಲ. ಸುಮಾರು 300 ಲೀಟರ್ ನೀರು ಹಿಡಿಯುತ್ತದೆ. ಅಂದೇ ತಳದ ಬಹುಭಾಗ ಮುಚ್ಚುವಷ್ಟು ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾಗಳನ್ನು ನೆಡಬೇಕು; ಒಂದು ನೈದಿಲೆಯೂ ಇರಲಿ. ಸಣ್ಣ ಬಸವನಹುಳುಗಳನ್ನು ಬಿಡಬಹುದು. ದೊಡ್ಡವು ಎಳೆಯ ಗಿಡಗಳನ್ನೇ ತಿನ್ನುತ್ತವೆ.

ಮೀನು ಬಿಡಲು ಮೂರು-ನಾಲ್ಕು ವಾರ ಕಾಯಬೇಕು. ಮೊದಲು ನೀರು ಹಸಿರಾಗಿ, ಗಿಡಗಳು ಚಿಗುರಿದಂತೆ ತಿಳಿಯಾಗುತ್ತದೆ. ಈ ಅವಧಿಯಲ್ಲಿ ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟುವುದನ್ನು ಮರೆಯಬಾರದು. ಬೆಚ್ಚನೆಯ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಎಂಟು-ಹತ್ತು ದಿನಗಳಲ್ಲೇ ಸೊಳ್ಳೆಯಾಗಿ ಹಾರಬಲ್ಲದು. ಮೀನಿಲ್ಲದ ತೊಟ್ಟಿ ಡೆಂಗ್ಯೂ ಹರಡುವ ಸೊಳ್ಳೆಗೂ ತವರಾದೀತು.

ಹತ್ತು ಸಣ್ಣ ಮೀನುಗಳಿಗಿಂತ ಹೆಚ್ಚು ಬೇಡ. ದಿನಕ್ಕೊಮ್ಮೆ, ಎರಡು-ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಒಣಗಿದ ಎಲೆ ತೆಗೆಯುವುದು, ಅತಿಯಾಗಿ ಬೆಳೆದ ಗಿಡ ಕತ್ತರಿಸುವುದು, ಆವಿಯಾದಷ್ಟು ಬಾವಿನೀರು ತುಂಬುವುದು, ಇಷ್ಟೇ ಉಳಿದ ಕೆಲಸ. ರಾತ್ರಿ ಗಿಡಗಳೂ ಆಮ್ಲಜನಕವನ್ನು ಬಳಸುತ್ತವೆ. ಆದುದರಿಂದ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೀನು, ಆಹಾರ ಅಥವಾ ಗಿಡ ಮಿತಿಮೀರಿದೆಯೆಂದು ಅರ್ಥ. ಆಗ ಕಾಲು ಭಾಗ ನೀರು ಬದಲಿಸಿ, ಹೆಚ್ಚಾದುದನ್ನು ತಗ್ಗಿಸಬೇಕು.

ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತವಿರುತ್ತದೆ. ಅದರ ತಾಮ್ರ ಅಲ್ಪ ಪ್ರಮಾಣದಲ್ಲಿಯೂ ಮೀನಿಗೆ, ಬಸವನಹುಳುವಿಗೆ ಮಾರಕ. ತೊಟ್ಟಿ ತೋಟದಿಂದ ದೂರವಿರಬೇಕು. ಔಷಧಿ ಹೊಡೆಯುವ ದಿನ ಮುಚ್ಚಿರಬೇಕು. ತೊಟ್ಟಿಯ ಮೀನಿಗೆ ಮಾರಕವಾದುದು ಹಳ್ಳದ ಮೀನಿಗೂ ಮಾರಕವೇ. ಔಷಧಿಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವ ರೂಢಿ ನಿಲ್ಲಬೇಕಾದುದೂ ಇದೇ ಕಾರಣಕ್ಕೆ.

ಯಾವ ಮೀನು ಎಂಬುದು ಎಲ್ಲಕ್ಕಿಂತ ಗಂಭೀರ ಪ್ರಶ್ನೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗಾಂಬೂಸಿಯಾ ಮೀನು, ಇಂದು ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದು ಇತರ ಮೀನುಗಳ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಗಪ್ಪಿಯೂ ಪರದೇಶದ್ದೇ. ಸಹ್ಯಾದ್ರಿಯ ತಗ್ಗಿನ ಕಾಲುವೆ, ಗದ್ದೆಗಳಲ್ಲಿ ಅಪ್ಲೊಕೈಲಸ್ ಲೈನಿಯೇಟಸ್ ಎಂಬ ಸ್ಥಳೀಯ ಮೀನಿದೆ. ತಲೆಯ ಮೇಲೆ ಹೊಳೆಯುವ ಚುಕ್ಕೆಯುಳ್ಳ ಈ ಪುಟ್ಟ ಮೀನು ನೀರಿನ ಮೇಲ್ಪದರದಲ್ಲೇ ಈಜುತ್ತ ಸೊಳ್ಳೆಮರಿಗಳನ್ನು ತಿನ್ನುತ್ತದೆ. ಇದು ಹಾರುವ ಸ್ವಭಾವದ್ದಾದ್ದರಿಂದ ತೊಟ್ಟಿಗೆ ಬಲೆ ಹೊದಿಸಬೇಕು. ಮಕ್ಕಳ ಸುರಕ್ಷತೆಗೂ ಅದು ಅಗತ್ಯ.

ಸ್ವಂತ ಗದ್ದೆಯ ಕಾಲುವೆಯಿಂದ ನಾಲ್ಕಾರು ಮೀನು ತಂದರೆ ಅವೇ ಮರಿ ಮಾಡುತ್ತವೆ. ಅಭಯಾರಣ್ಯದ ತೊರೆಗಳಿಗೆ ಕೈ ಹಾಕಬಾರದು. ಮಿಸ್ ಕೇರಳ ಎಂದು ಹೆಸರಾದ ಸಹ್ಯಾದ್ರಿಯ ಸುಂದರ ಮೀನು ಅಳಿವಿನಂಚಿಗೆ ಬಂದುದಕ್ಕೆ ಅಲಂಕಾರಿಕ ಮೀನಿನ ವ್ಯಾಪಾರವೂ ಒಂದು ಕಾರಣ.

ತೊಟ್ಟಿಯ ಅಂಚಿನಿಂದ ಎರಡು ಅಂಗುಲ ಕೆಳಗೆ ರಂಧ್ರ ಬಿಟ್ಟು, ಸಣ್ಣ ಕಣ್ಣಿನ ಬಲೆ ಕಟ್ಟಿ, ಆಷಾಢದ ಮಳೆಯಲ್ಲಿ ಉಕ್ಕುವ ನೀರನ್ನು ತರಕಾರಿ ಮಡಿಗೆ ಹರಿಸಬೇಕು. ಕತ್ತರಿಸಿದ ಗಿಡಗಳು ಗೊಬ್ಬರದ ಗುಂಡಿ ಸೇರಲಿ. ಬೇಡವಾದ ಮೀನನ್ನಾಗಲಿ ಗಿಡವನ್ನಾಗಲಿ ಹಳ್ಳಕ್ಕೆ ಬಿಡುವುದು ಪುಣ್ಯದ ಕಾರ್ಯವಲ್ಲ. ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿ ಬಂದು ನಾಡಿನ ಕೆರೆಗಳನ್ನೇ ಮುಚ್ಚಿರುವ ನೇರಳೆ ಹೂವಿನ ಜಲಕಳೆ ಅದಕ್ಕೆ ಸಾಕ್ಷಿ. ತೊಟ್ಟಿಯಲ್ಲಿ ಆದ ತಪ್ಪನ್ನು ಒಂದು ದಿನದಲ್ಲಿ ತಿದ್ದಬಹುದು. ಹಳ್ಳ ಸೇರಿದ ತಪ್ಪನ್ನು ಮರಳಿ ಹಿಡಿಯುವುದು ಅಸಾಧ್ಯಕ್ಕೆ ಸಮೀಪ.