ಮಾಗಿಯ ಚಳಿಯೂ ಆಶ್ರಯದಾಸೋಹವೂ

 

ಲಿಂಗಾಯತ ಮಠಗಳ ಹಿರಿಮೆಯನ್ನು ಹೇಳುವಾಗ ಲೋಕವು ಮೊದಲು ಸ್ಮರಿಸುವುದು ದಾಸೋಹವನ್ನು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಾದರೋ ಬಂದವನು ಜಂಗಮಸ್ವರೂಪನು, ನೀಡುವವನು ಸೇವಕನು. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ (1907–2019) ಕಾಲದಲ್ಲಿ ಈ ತತ್ತ್ವವು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ರೂಪದಿಂದ ನಾಡಿನ ಮನೆಮಾತಾಯಿತು. ಈ ಮೂರರಲ್ಲಿ ಅನ್ನವನ್ನೂ ಅಕ್ಷರವನ್ನೂ ಭಕ್ತರು ಮರೆತವರಲ್ಲ. ಆಶ್ರಯವನ್ನು ಮಾತ್ರ ಮಠದ ವಿದ್ಯಾರ್ಥಿನಿಲಯಕ್ಕೆ ಸೇರಿದ ಕಾರ್ಯವೆಂದು ಎಣಿಸುವ ವಾಡಿಕೆಯುಂಟು. ಪೂಜ್ಯರು ಲಿಂಗೈಕ್ಯರಾದ ಜನವರಿ 21ನೆಯ ದಿನವು ಚಳಿಗಾಲದ ನಡುವೆಯೇ ಬರತಕ್ಕದ್ದು. ಆ ಕಾಲದ ರಾತ್ರಿಗಳಲ್ಲಿ ಆಶ್ರಯವು ಪ್ರತಿಯೊಬ್ಬ ಭಕ್ತನ ಬಾಗಿಲಿಗೂ ಸೇರಿದ ಕಾರ್ಯವೆಂಬುದೇ ಇಂದಿನ ಉಪನ್ಯಾಸದ ವಿಷಯವು.

'ಬೆಂಗಳೂರಿಗೆ ಎಂಥ ಚಳಿ, ಇದೇನು ಹಿಮಾಲಯವೇ?' ಎಂದು ಕೆಲವರು ಕೇಳಬಹುದು. ಈ ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದು. 1884ನೆಯ ಇಸವಿ ಜನವರಿ 13ರಂದು ಇಲ್ಲಿಯ ಉಷ್ಣಮಾನವು 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದುದು ದಾಖಲೆಯಲ್ಲಿದೆ. ಅಷ್ಟು ಇಳಿಯದ ವರ್ಷಗಳಲ್ಲಿಯೂ ಅಪಾಯವು ಇಲ್ಲದಿಲ್ಲ. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಚಂಡಮಾರುತವೂ 2024ರಲ್ಲಿ ನವೆಂಬರು ಮುಗಿದು ಡಿಸೆಂಬರು ಹುಟ್ಟುವ ದಿನಗಳಲ್ಲಿ ಫೆಂಗಲ್ ಚಂಡಮಾರುತವೂ ಪೂರ್ವಕರಾವಳಿಗೆ ಅಪ್ಪಳಿಸಿದಾಗ, ಬೆಂಗಳೂರಿನಲ್ಲಿ ಬಿಸಿಲು ಮರೆಯಾಗಿ ತುಂತುರು ಮಳೆಯೂ ಶೀತಗಾಳಿಯೂ ಹಿಡಿದವು. ಮನುಷ್ಯಶರೀರದ ಸಹಜವಾದ ಶಾಖವು ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ಪ್ರಾಣಕ್ಕೆ ಕುತ್ತೆಂದು ವೈದ್ಯರು ಹೇಳುವರು. ಹಾಗೆ ಇಳಿಯುವುದಕ್ಕೆ ಹಿಮವೇ ಬೀಳಬೇಕಾಗಿಲ್ಲ. ಒದ್ದೆಬಟ್ಟೆ, ಬೀಸುವ ಗಾಳಿ, ಬರಿಯ ಹೊಟ್ಟೆ, ಕಲ್ಲುಹಾಸಿನ ಮೇಲಣ ನಿದ್ರೆ, ಇವು ಕೂಡಿದರೆ ಸಾಕು.

ಹೀಗೆ ಬಯಲಿನಲ್ಲಿ ಮಲಗುವವರಾರು? 1948ರಲ್ಲಿ ಅಸ್ತಿಭಾರ ಬಿದ್ದ ಜಯನಗರವೂ ಅದರ ಸುತ್ತಣ ಬಡಾವಣೆಗಳೂ ಇಂದು ಮಹಾನಗರದ ವೈದ್ಯಕ್ಷೇತ್ರವಾಗಿವೆ. ಜಯದೇವ ಹೃದ್ರೋಗ ಸಂಸ್ಥೆ, ಸಂಜಯಗಾಂಧಿ ಸಂಸ್ಥೆ, ನಿಮ್ಹಾನ್ಸ್, ಕಿದ್ವಾಯಿ ಸಂಸ್ಥೆ, ಇವುಗಳಿಗೆ ನಾಡಿನ ಎಲ್ಲಾ ಜಿಲ್ಲೆಗಳಿಂದಲೂ ರೋಗಿಗಳು ಬರುವರು. ರೋಗಿಗೆ ಒಳಗೆ ಹಾಸಿಗೆ ದೊರೆತರೂ ಜೊತೆಗೆ ಬಂದ ಬಡಬಂಧುವಿಗೆ ಎಷ್ಟೋ ವೇಳೆ ಕಾಲುದಾರಿಯೇ ಹಾಸಿಗೆ. ಬನಶಂಕರಿಯ ಬಸ್ಸು ನಿಲ್ದಾಣದ ಆಸುಪಾಸಿನಲ್ಲಿಯೂ ಅಂಗಡಿಗಳ ಮುಚ್ಚಿದ ಬಾಗಿಲುಗಳ ಮುಂದೆಯೂ ರಾತ್ರಿ ಕಳೆಯುವವರುಂಟು. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮಹಡಿಗಳನ್ನು ಕಟ್ಟುವ ಕೂಲಿಗಳು ತಗಡಿನ ಶೆಡ್ಡುಗಳಲ್ಲಿರುವರು. ಅವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ಬಂದವರು ಅನೇಕರು. ಬಿಸಿಲುನಾಡಿನಲ್ಲಿ ಬೆಳೆದ ಆ ದೇಹಗಳಿಗೆ ಇಲ್ಲಿಯ ಮಾಗಿಯ ಗಾಳಿಯು ಹೊಸದು. ಶರಣರು ಮಹಾಮನೆಯನ್ನು ನಡೆಯಿಸಿದ ಕಲ್ಯಾಣದ ಕಡೆಯ ಜನವೇ ಭಕ್ತರ ಬೀದಿಯ ಕೊನೆಯಲ್ಲಿ ನಡುಗುತ್ತಿರುವುದನ್ನು ಭಕ್ತರು ಮನಸ್ಸಿಗೆ ತಂದುಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. ಹಸಿದವನು ಮಠದ ಬಾಗಿಲಿಗೆ ಬಂದು ಅನ್ನವನ್ನು ಕೇಳುವನು. ಚಳಿಗೆ ಸಿಕ್ಕಿದವನು ಕೇಳಲಾರನು. ಮೊದಲು ಅವನು ನಡುಗುವನು. ಬಳಿಕ ಅವನ ನಾಲಗೆ ತೊದಲುವುದು, ಹೆಜ್ಜೆ ತಪ್ಪುವುದು, ಬುದ್ಧಿಗೆ ಮಂಕು ಕವಿಯುವುದು. ಕಡೆಗೆ ನಡುಕವೇ ನಿಂತುಹೋಗುವುದು. ನೋಡಿದವರು ಸುಧಾರಿಸಿದನೆಂದು ತಿಳಿಯುವ ಆ ಗಳಿಗೆಯೇ ಪರಮಾಪಾಯದ ಗಳಿಗೆಯು. ತೊದಲುವವನನ್ನು ಕಂಡ ದಾರಿಹೋಕನು 'ಕುಡುಕನಿರಬೇಕು' ಎಂದುಕೊಂಡು ಸರಿದುಹೋಗುವನು. ಆ ಒಂದು ಮಾತಿನಿಂದ ಪ್ರಾಣವೊಂದು ಹೋಗಬಹುದು. ಅವನು ಕುಡಿದವನೇ ಆಗಿದ್ದರೂ ಮದ್ಯವು ಶರೀರದ ಶಾಖವನ್ನು ಹೊರಗೆ ಚೆಲ್ಲುವುದಾದ್ದರಿಂದ ಅವನಿಗೆ ಅಪಾಯವು ಇಮ್ಮಡಿಯೇ ಹೊರತು ಕಡಿಮೆಯಲ್ಲ. ಬಂದವನ ಕುಲವನ್ನು ಕೇಳಬಾರದೆಂಬುದು ಶರಣಧರ್ಮವು. ಬಿದ್ದವನ ಗುಣವನ್ನೂ ಮೊದಲು ಕೇಳಬಾರದೆಂಬುದು ಅದರಲ್ಲಿಯೇ ಅಡಗಿರುವುದು.

ಹಾಗಾದರೆ ಮಾಡತಕ್ಕದ್ದೇನು? ಅವನನ್ನು ಗಾಳಿ ಮಳೆಗಳಿಂದ ಮರೆಗೆ ತರಬೇಕು. ಒದ್ದೆಬಟ್ಟೆಯನ್ನು ತೆಗೆದು ಒಣಬಟ್ಟೆಯನ್ನು ಹೊದೆಯಿಸಬೇಕು. ತಲೆಯನ್ನೂ ಕತ್ತನ್ನೂ ಮುಚ್ಚಬೇಕು. ನೆಲವು ಮೈಯ ಶಾಖವನ್ನು ಹೀರುವುದಾದ್ದರಿಂದ ಮೇಲಣ ಕಂಬಳಿಯಷ್ಟೇ ಕೆಳಗಣ ಹಾಸೂ ಅಗತ್ಯ. ಗೋಣಿಚೀಲ, ರಟ್ಟು, ಹಳೆಯ ಪತ್ರಿಕೆಗಳು, ಯಾವುದಾದರೂ ಆದೀತು. ಎಚ್ಚರವಿದ್ದು ನುಂಗಬಲ್ಲವನಿಗೆ ಬೆಲ್ಲ ಬೆರೆಸಿದ ಬಿಸಿಹಾಲನ್ನಾಗಲಿ ಗಂಜಿಯನ್ನಾಗಲಿ ಗುಟುಕು ಗುಟುಕಾಗಿ ಕೊಡಬೇಕು. ಮೈಮರೆತವನ ಬಾಯಿಗೆ ಏನನ್ನೂ ಹಾಕಬಾರದು. ಕೈಕಾಲುಗಳನ್ನು ಬಲವಾಗಿ ತಿಕ್ಕಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಡಲೇಬಾರದು. ಅದರಿಂದ ಹುಟ್ಟುವ ವಾಸನೆಯಿಲ್ಲದ ವಿಷವಾಯುವು ನಿದ್ರೆಯಲ್ಲಿಯೇ ಕೊಲ್ಲುವುದು. ನಡುಕ ನಿಂತಿದ್ದರೆ, ಮಾತು ತೊದಲಿದರೆ, 108ಕ್ಕೆ ಕರೆಮಾಡಿ ವಾಹನವು ಬರುವ ತನಕ ಹತ್ತಿರವೇ ಕುಳಿತಿರಬೇಕು.

ಇದು ಸರ್ಕಾರದ ಕೆಲಸವಲ್ಲವೇ ಎಂಬ ಪ್ರಶ್ನೆಯೂ ಉಂಟು. ಅಹುದು. ದೆಹಲಿಯ ಚಳಿಯಲ್ಲಿ ನಿರ್ವಸಿತರು ಪಟ್ಟ ಪಾಡನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಆಜ್ಞೆಗಳನ್ನಿತ್ತಿತು. ಲಕ್ಷ ಜನಸಂಖ್ಯೆಗೆ ಒಂದರಂತೆ ನಗರಗಳಲ್ಲಿ ರಾತ್ರಿ ಆಶ್ರಯತಾಣಗಳಿರತಕ್ಕದ್ದೆಂದು ನಿಯಮವೂ ಆಯಿತು. ಆದರೆ ಮಧ್ಯರಾತ್ರಿಯಲ್ಲಿ ನಡುಗುವವನಿಗೆ ಆ ತಾಣವು ಎಲ್ಲಿದೆಯೆಂದು ಹೇಳಿ, ಕೈಹಿಡಿದು ಅಲ್ಲಿಗೆ ಮುಟ್ಟಿಸುವವರು ಬೇಕು. ಆ ನಡುವಣ ದಾರಿಯು ಭಕ್ತರದು.

ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಮೋಳಿಗೆಯ ಮಾರಯ್ಯನು ಕಟ್ಟಿಗೆಯನ್ನು ಮಾರಿ, ಬಂದುದರಲ್ಲಿ ಜಂಗಮದಾಸೋಹವನ್ನು ನಡೆಯಿಸಿದನೆಂದು ಪರಂಪರೆಯು ಹೇಳುವುದು. ಅವನೂ ಕಲ್ಯಾಣಕ್ಕೆ ಪರಸ್ಥಳದವನೇ. ಕಲ್ಯಾಣವು ಅವನನ್ನು ಪರಕೀಯನೆಂದು ಹೊರಗೆ ನಿಲ್ಲಿಸಿದ್ದರೆ ಶರಣಪರಂಪರೆಗೆ ಅಂಥ ಕಾಯಕಯೋಗಿಯು ದೊರೆಯುತ್ತಿರಲಿಲ್ಲ. ಅವನಲ್ಲಿ ಭಂಡಾರವಿರಲಿಲ್ಲ, ತಲೆಹೊರೆಯ ಕಟ್ಟಿಗೆ ಮಾತ್ರವಿತ್ತು.

ಭಕ್ತರ ಮನೆಗಳಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಮದುವೆ, ಸನ್ಮಾನ, ಉತ್ಸವಗಳಲ್ಲಿ ಹೊದೆಯಿಸಿದ ಶಾಲುಗಳು ಪೆಟ್ಟಿಗೆಗಳಲ್ಲಿ ಮಡಿಕೆ ಬಿಚ್ಚದೆ ಇರುವುವು. ಈ ಮಹೋತ್ಸವದಲ್ಲಿಯೂ ಶಾಲುಗಳು ಬಂದಿರಬಹುದು. ಸನ್ಮಾನಿತರ ಹೆಗಲು ಅವುಗಳಿಗೆ ಮೊದಲ ನಿಲುಗಡೆಯಾಗಲಿ, ಕಡೆಯದಾಗದಿರಲಿ. ಬರುವ ಮಾರ್ಗಶಿರಕ್ಕೆ ಮೊದಲೇ ಒಂದೊಂದು ಬಡಾವಣೆಯ ಭಕ್ತರೂ ಕೂಡಿ ಕಂಬಳಿಗಳನ್ನೂ ಹಾಸುಗಳನ್ನೂ ಒಂದೆಡೆ ಸೇರಿಸಲಿ. ಹತ್ತಿರದ ಆಶ್ರಯತಾಣವು ಎಲ್ಲಿದೆಯೆಂದು ವಿಚಾರಿಸಿ ತಿಳಿದಿರಲಿ. ಸರದಿಯಂತೆ ಇಬ್ಬಿಬ್ಬರು ರಾತ್ರಿ ಒಂದು ಸುತ್ತು ತಿರುಗಿಬರಲಿ. ಹೊದಿಸುವಾಗ ಮಲಗಿದವನ ಭಾವಚಿತ್ರವನ್ನು ತೆಗೆಯದಿರಲಿ. ಏಕೆಂದರೆ ಅಲ್ಲಿ ಕೊಡುವವನು ದಾಸನು, ಹೊದೆದವನು ಜಂಗಮನು.