ಬಿಳಿ ರಕ್ತಕಣ ಲಕ್ಷ ದಾಟಿದಾಗ

ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದ ಕೆಲವರಲ್ಲಿ ಇದು 1,00,000 ದಾಟುತ್ತದೆ.

ಆದರೆ ಅಪಾಯ ಎಷ್ಟೆಂದು ಸಂಖ್ಯೆಯೊಂದೇ ಹೇಳುವುದಿಲ್ಲ. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ ಕಣಗಳು ಸಣ್ಣವು. ಎಣಿಕೆ ಎರಡು ಲಕ್ಷವಿದ್ದರೂ ರೋಗಿ ತಾನೇ ನಡೆದು ಬಂದು ವೈದ್ಯರಿಗೆ ತೋರಿಸಿಕೊಂಡು ಹೋಗಬಹುದು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದ ಬಲಿಯದ ಕಣಗಳು ಹಾಗಲ್ಲ. ಅವು ದೊಡ್ಡವು, ಸುಲಭಕ್ಕೆ ಬಾಗವು, ನಾಳದ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಶ್ವಾಸಕೋಶ ಮತ್ತು ಮಿದುಳಿನ ಕಿರುನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನೇ ತಡೆಯುತ್ತವೆ. ಆಗ ಉಬ್ಬಸ, ತಲೆನೋವು, ಕಣ್ಣು ಮಂಜಾಗುವುದು, ಮಂಪರು, ಮಾತು ತೊದಲುವುದು ಕಾಣಿಸಿಕೊಳ್ಳುತ್ತವೆ. ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಇದೇ ಲ್ಯುಕೋಸ್ಟೇಸಿಸ್.

ಇಲ್ಲಿ ಥಟ್ಟನೆ ತೋಚುವ ಉಪಾಯವೇ ಕೆಲವೊಮ್ಮೆ ತಿರುಗಿಬೀಳುತ್ತದೆ. ಹಿಮೋಗ್ಲೋಬಿನ್ ಕಡಿಮೆಯಿದೆಯೆಂದು ಕೂಡಲೇ ರಕ್ತ ಕೊಟ್ಟರೆ, ಮೊದಲೇ ಗಟ್ಟಿಯಾದ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ, ತೀರಾ ಅನಿವಾರ್ಯವಲ್ಲದಿದ್ದರೆ, ಎಣಿಕೆ ಇಳಿಯುವವರೆಗೆ ವೈದ್ಯರು ಕೈ ತಡೆಯುತ್ತಾರೆ. ಪರೀಕ್ಷೆಯೂ ದಾರಿ ತಪ್ಪಿಸಬಹುದು. ಆಕ್ಸಿಜನ್ ಅಳೆಯಲು ತೆಗೆದ ರಕ್ತದಲ್ಲಿ, ಅಷ್ಟೊಂದು ಬಿಳಿ ಕಣಗಳು ಸಿರಿಂಜಿನೊಳಗೇ ಆಕ್ಸಿಜನ್ನನ್ನು ಬಳಸಿಕೊಂಡುಬಿಡುತ್ತವೆ. ವರದಿ ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರೇ ಆಗ ಹೆಚ್ಚು ನಂಬಿಕೆಗೆ ಅರ್ಹ.

ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಕೀಮೋಥೆರಪಿಗೂ ಸಿದ್ಧತೆ ಬೇಕು. ಲಕ್ಷಾಂತರ ಕಣಗಳು ಒಮ್ಮೆಗೇ ಒಡೆದರೆ ಒಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ನುಗ್ಗುತ್ತವೆ, ಯೂರಿಕ್ ಆಮ್ಲ ಏರುತ್ತದೆ. ಮೂತ್ರಪಿಂಡ ಸೋಲಬಹುದು, ಹೃದಯದ ಬಡಿತ ತಪ್ಪಬಹುದು. ಇದು ಟ್ಯೂಮರ್ ಲೈಸಿಸ್ ಸಿಂಡ್ರೋಮ್. ಚಿಕಿತ್ಸೆಗೆ ಮುಂಚೆ ತಾನಾಗಿಯೂ ಬರಬಹುದು. ಹಾಗಾಗಿ ಧಾರಾಳವಾಗಿ ಡ್ರಿಪ್ ಹಾಕಿ, ಯೂರಿಕ್ ಆಮ್ಲವನ್ನು ಹತೋಟಿಯಲ್ಲಿಡುವ ಅಲೊಪ್ಯುರಿನಾಲ್ ಅಥವಾ ರಾಸ್‌ಬ್ಯುರಿಕೇಸ್ ಕೊಟ್ಟು, ಹೈಡ್ರಾಕ್ಸಿಯೂರಿಯಾ ಎಂಬ ಔಷಧದಿಂದ ಎಣಿಕೆ ಇಳಿಸತೊಡಗುತ್ತಾರೆ. ಕೆಲವರಿಗೆ ಯಂತ್ರದ ಮೂಲಕ ಬಿಳಿ ಕಣಗಳನ್ನು ಬೇರ್ಪಡಿಸುವ ಲ್ಯುಕಫೆರೆಸಿಸ್ ಮಾಡುವುದುಂಟು. ಅದು ತಾತ್ಕಾಲಿಕ, ಮೂಳೆಮಜ್ಜೆಯಲ್ಲಿ ಹೊಸ ಕಣಗಳು ಹುಟ್ಟುತ್ತಲೇ ಇರುತ್ತವೆ. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾದಲ್ಲಂತೂ ರಕ್ತಸ್ರಾವ ಹೆಚ್ಚುವ ಭಯದಿಂದ ಅದನ್ನು ಸಾಮಾನ್ಯವಾಗಿ ದೂರವಿಡುತ್ತಾರೆ.

ಕೇಳುಗರೇ, ಲ್ಯಾಬ್ ವರದಿಯಲ್ಲಿ ಬಿಳಿ ರಕ್ತಕಣ ಲಕ್ಷ ದಾಟಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರಾಟದ ತೊಂದರೆಯೋ ಮಂಪರೋ ಇದ್ದರೆ ನೇರವಾಗಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವರದಿಯ ಹಾಳೆ ಕೈಯಲ್ಲಿರಲಿ. ಯಾವ ಚಿಕಿತ್ಸೆ ಮೊದಲು, ಯಾವುದು ಆಮೇಲೆ ಎಂಬುದನ್ನು ವೈದ್ಯರು ಅದನ್ನು ನೋಡಿಯೇ ತೀರ್ಮಾನಿಸಬೇಕು.