ಕೊಳೆನೀರು ಮತ್ತು ಪೊರೆ

2018ರಲ್ಲಿ ಕೋಲಾರದ ಕೆರೆಗಳಿಗೆ ನೀರು ಬಂದಿತು. ಮಳೆಯ ನೀರಲ್ಲ, ಬೆಂಗಳೂರಿನ ಬಚ್ಚಲುಗಳಿಂದ ಹೊರಟು, ಎರಡು ಹಂತಗಳಲ್ಲಿ ಶುದ್ಧಗೊಂಡು, ಕೊಳವೆಗಳಲ್ಲಿ ಹರಿದ ನೀರು. ಕೆರೆ ತುಂಬಿದ ಸಂತೋಷದ ಜೊತೆಗೇ, ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಕೂಗೆದ್ದಿತು. ಆ ಹಂತಕ್ಕೆ ವಿಜ್ಞಾನ ಒದಗಿಸಬಲ್ಲ ಸಾಧನಗಳಲ್ಲಿ ಪೊರೆಯೂ ಒಂದು.

ಪೊರೆಯೆಂದರೆ ಅತಿಸೂಕ್ಷ್ಮವಾದ ಜರಡಿ. ಮೀಟರಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೊಮೀಟರ್. ಬ್ಯಾಕ್ಟೀರಿಯದ ಗಾತ್ರ ಸುಮಾರು 1,000 ನ್ಯಾನೊಮೀಟರ್. ಹತ್ತಾರು ನ್ಯಾನೊಮೀಟರಿನ ರಂಧ್ರವನ್ನು ಅದು ದಾಟಲಾರದು. ಕರಗಿದ ಉಪ್ಪನ್ನು ತಡೆಯಲು ಇನ್ನೂ ಬಿಗಿಯಾದ ಪೊರೆ ಬೇಕು. 1960ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಅದನ್ನು ಬಳಕೆಗೆ ತಕ್ಕಂತೆ ರೂಪಿಸಿದವರು ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್.

ಹಾಗಾದರೆ ತೊಡಕೇನು? ಜರಡಿ ಕಟ್ಟಿಕೊಳ್ಳುತ್ತದೆ. ಪೊರೆಗೆ ಬಳಸುವ ಪಾಲಿಮರುಗಳಲ್ಲಿ ಹಲವು ನೀರಿಗೆ ಒಲ್ಲದವು, ಜಿಡ್ಡಿಗೆ ಒಲಿದವು. ಜಿಡ್ಡು ಅಂಟಿದೊಡನೆ ಅದರ ಮೇಲೆ ಬ್ಯಾಕ್ಟೀರಿಯಗಳು ಲೋಳೆಯ ಮನೆ ಕಟ್ಟುತ್ತವೆ. ಅನಂತರ ಹೆಚ್ಚು ಒತ್ತಡ, ಹೆಚ್ಚು ವಿದ್ಯುತ್ತು, ಮತ್ತೆ ಮತ್ತೆ ರಾಸಾಯನಿಕಗಳ ತೊಳೆತ, ಕೊನೆಗೆ ಹೊಸ ಪೊರೆ. ಬಡ ಪುರಸಭೆಗೆ ಇದು ಬಿಳಿಯಾನೆಯೇ ಸರಿ.

ನ್ಯಾನೊ ಕಣಗಳು ನೆರವಿಗೆ ಬರುವುದು ಇಲ್ಲಿ. ಟೈಟಾನಿಯಂ ಡೈಆಕ್ಸೈಡನ್ನೋ ಗ್ರಾಫೀನ್ ಆಕ್ಸೈಡನ್ನೋ ಪಾಲಿಮರಿನೊಡನೆ ಬೆರೆಸಿದರೆ ಪೊರೆಯ ಮೈ ನೀರಿಗೆ ಒಲಿಯುತ್ತದೆ. ಕೊಳೆಗೂ ಪೊರೆಗೂ ನಡುವೆ ನೀರಿನದೇ ಒಂದು ತೆಳುಪದರ ನಿಲ್ಲುತ್ತದೆ. ಕೆಸುವಿನ ಎಲೆ ನೀರನ್ನು ದೂರವಿಟ್ಟು ಶುಚಿಯಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಈ ಪೊರೆ ನೀರನ್ನು ಅಪ್ಪಿಕೊಂಡು ಶುಚಿಯಾಗಿರುತ್ತದೆ! 2007ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಜಿಯೋಲೈಟ್ ಕಣಗಳನ್ನು ಪೊರೆಯಲ್ಲಿ ಸೇರಿಸಿದಾಗ ನೀರು ಹೆಚ್ಚು ಸುಲಭವಾಗಿ ಹಾಯ್ದಿತು. ಉಪ್ಪನ್ನು ತಡೆಯುವ ಶಕ್ತಿ ಕುಗ್ಗಲಿಲ್ಲ.

ಬೆಳ್ಳಿಯ ಕಥೆ ಬೇರೆ. ಅದು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ, ನಿಜ. ಆದರೆ ಕೊಲ್ಲುವುದು ಬಹುಮಟ್ಟಿಗೆ ತಾನು ಸ್ವಲ್ಪಸ್ವಲ್ಪವೇ ಕರಗುವುದರಿಂದ. ಕರಗಿದಷ್ಟೂ ಪೊರೆಯ ಗುಣ ತೀರುತ್ತದೆ. ಹರಿದುಹೋದ ಬೆಳ್ಳಿ ಕೆರೆಯ ಜೀವಿಗಳಿಗೆ ವಿಷವಾಗಬಲ್ಲದು. ಟೈಟಾನಿಯಂ ಡೈಆಕ್ಸೈಡಾದರೂ ಅತಿನೇರಳೆ ಬೆಳಕಿನಲ್ಲಿ ಕೊಳೆಯನ್ನು ಒಡೆಯುವಾಗ ತನ್ನನ್ನು ಹೊತ್ತ ಪಾಲಿಮರನ್ನೂ ಒಡೆಯಬಲ್ಲದು. ಭಸ್ಮಾಸುರನ ನೆನಪಾಗದಿರದು. ಆದುದರಿಂದ ಕೊಲ್ಲುವ ಪೊರೆಗಿಂತ ಕೊಳೆಯನ್ನು ಅಂಟಗೊಡದ ಪೊರೆಯೇ ಮೇಲೆಂದು ನನಗೆ ತೋರುತ್ತದೆ.

ಇಂಥ ಎಷ್ಟೋ ಪರೀಕ್ಷೆಗಳು ಪ್ರಯೋಗಾಲಯದಲ್ಲಿ, ಒಂದೇ ಪ್ರೋಟೀನನ್ನು ಕರಗಿಸಿದ ನೀರಿನಲ್ಲಿ, ಕೆಲವೇ ಗಂಟೆಗಳ ಕಾಲ ನಡೆದಂಥವು. ಊರಿನ ಚರಂಡಿಯಲ್ಲಿ ಸಾಬೂನು, ಎಣ್ಣೆ, ಔಷಧ, ಮರಳು ಎಲ್ಲವೂ ಬೆರೆತಿರುತ್ತವೆ. ಅಂಥ ನೀರಿನಲ್ಲಿ ಪೊರೆ ಎಷ್ಟು ತಿಂಗಳು ದುಡಿಯಿತು, ಅದರಿಂದ ಎಷ್ಟು ಕಣಗಳು ಕಳಚಿಹೋದವು ಎಂಬ ಎರಡು ಲೆಕ್ಕಗಳನ್ನು, ಪೊರೆಯನ್ನು ಕೊಳ್ಳುವ ಮೊದಲೇ, ಕೆರೆಯ ದಡದ ಜನ ಕೇಳಿ ಪಡೆಯಬೇಕು.